ಗ್ರೀನ್ ಕಾರ್ಡ್ ಬಂದು 5 ವರ್ಷವಾದರೆ ಅಮೆರಿಕದ ಪೌರತ್ವ ಸಿಗುತ್ತದೆಯೇ?

ವರ್ಷ ಕಳೆದರಷ್ಟೇ ಸಾಲದು. ವಯಸ್ಸು 18 ತುಂಬಿರಬೇಕು, ನಡತೆ ಚೆನ್ನಾಗಿರಬೇಕು, ಆ 5 ವರ್ಷದಲ್ಲಿ ಒಟ್ಟು 30 ತಿಂಗಳಾದರೂ ಅಮೆರಿಕದಲ್ಲೇ ಇದ್ದಿರಬೇಕು. ಕನಿಷ್ಠ 3 ವರ್ಷದಿಂದ ಅಲ್ಲಿನ ಪೌರರಾಗಿರುವ ಗಂಡ ಅಥವಾ ಹೆಂಡತಿಯೊಂದಿಗೆ ಅಷ್ಟೂ ಕಾಲ ಸಂಸಾರ ಮಾಡಿದ್ದರೆ 5 ವರ್ಷದ ಬದಲು 3 ವರ್ಷ, 30 ತಿಂಗಳ ಬದಲು 18 ತಿಂಗಳು ಸಾಕು.

ಹೆಚ್ಚಿನವರು ಎಡವುವುದು ಊರಿಗೆ ಬಂದು ಉಳಿದುಬಿಟ್ಟಾಗ. ಒಂದೇ ಸಲಕ್ಕೆ 6 ತಿಂಗಳು ಮೀರಿದರೆ ಪೌರತ್ವಕ್ಕೆ ಬೇಕಾದ ನಿರಂತರ ವಾಸ ಕಡಿದುಹೋಯಿತೆಂದೇ ಲೆಕ್ಕ; ಮನೆ, ಕೆಲಸ, ತೆರಿಗೆಯ ದಾಖಲೆ ಕೊಟ್ಟು ಹಾಗಲ್ಲವೆಂದು ತೋರಿಸಬೇಕು. ವರ್ಷವೇ ದಾಟಿದರೆ ಸಾಮಾನ್ಯವಾಗಿ ಆ ದಾರಿಯೂ ಇಲ್ಲ. ಪೌರತ್ವ ಕೋರುವ ಎನ್-400 ಅರ್ಜಿಯನ್ನು ಆ 5 ಅಥವಾ 3 ವರ್ಷದ ಅವಧಿ ತುಂಬುವ 90 ದಿನ ಮುಂಚೆ ಹಾಕಬಹುದು, ಅದಕ್ಕೂ ಮೊದಲು ಬೇಡ.

ಇಂಗ್ಲಿಷ್ ಬಾರದ ಅಪ್ಪ-ಅಮ್ಮಂದಿರ ವಿಷಯ: 50 ದಾಟಿ ಗ್ರೀನ್ ಕಾರ್ಡಿಗೆ 20 ವರ್ಷ, ಇಲ್ಲವೇ 55 ದಾಟಿ 15 ವರ್ಷ ಆಗಿದ್ದರೆ, ಪೌರತ್ವ ಪರೀಕ್ಷೆಯಲ್ಲಿ ಕೇಳುವ ಅಲ್ಲಿನ ಇತಿಹಾಸ-ಸರ್ಕಾರದ ಪ್ರಶ್ನೆಗಳಿಗೆ ದುಭಾಷಿ ಮೂಲಕ ಕನ್ನಡದಲ್ಲೇ ಉತ್ತರಿಸಬಹುದು.