ಸಂಜೆ ಮನೆ ಸೇರೋ ದಾರಿ ಮೊದಲು ನೋಡಿ

ಪ್ರಶ್ನೆ: ಮೇಡಂ, ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಕಂಪನಿಯಲ್ಲಿ ಎಚ್‌ಆರ್ ಕೆಲಸ ನೋಡಿಕೊಳ್ಳುತ್ತೇನೆ. ಹೆಚ್ಚಿನವರು ಒಬ್ಬೊಬ್ಬರೇ ಕಾರಿನಲ್ಲಿ ಬರುತ್ತಾರೆ. ಪಾರ್ಕಿಂಗ್ ತುಂಬಿ ಗೇಟಿನಾಚೆ ರಸ್ತೆಯಲ್ಲೂ ನಿಲ್ಲಿಸುತ್ತಿದ್ದಾರೆ. ಪಕ್ಕದ ಸೈಟು ಬಾಡಿಗೆಗೆ ಹಿಡಿಯೋಣ ಅನ್ನುತ್ತಿದೆ ಆಡಳಿತ. ಬಸ್ಸು, ಸೈಕಲ್, ಕಾರ್‌ಪೂಲ್ ಅಂತ ಪೋಸ್ಟರ್ ಹಾಕಿದೆವು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಏನು ಮಾಡಲಿ?

ಉತ್ತರ: ಪೋಸ್ಟರ್‌ನಿಂದ ಆಗೋ ಕೆಲಸ ಅಲ್ಲ ಇದು. ಪೆಟ್ರೋಲ್ ರೇಟು ಎಲ್ಲರಿಗೂ ಗೊತ್ತು. ಅವರು ಕಾರು ಬಿಡದಿರೋದು ಸಂಜೆಯ ಚಿಂತೆಗೆ. ಮೀಟಿಂಗ್ ತಡವಾದರೆ? ಮಗುವಿಗೆ ಜ್ವರ ಅಂತ ಸ್ಕೂಲಿಂದ ಫೋನ್ ಬಂದರೆ?

ನಾನು ಕಾರ್ಖಾನೆಯೊಂದರ ಸಿಬ್ಬಂದಿ ವಿಭಾಗದಲ್ಲಿದ್ದಾಗ ಅಸೆಂಬ್ಲಿ ಲೈನಿನ ಒಬ್ಬ ಹುಡುಗಿ ದಿನಾ ಸಿಟಿ ಬಸ್ಸಿಗೇ ಬರುತ್ತಿದ್ದಳು. ಒಂದು ಸಂಜೆ ಓವರ್‌ಟೈಮ್‌ಗೆ ಅಂತ ನಿಲ್ಲಿಸಿಕೊಂಡರು. ಹೊರಗೆ ಬರುವಷ್ಟರಲ್ಲಿ ಬಸ್ಸು ಹೋಗಿತ್ತು. ಸ್ಟಾಪಿನಲ್ಲಿ ಲೈಟಿಲ್ಲ, ಆಟೋದವರು ಡಬಲ್ ಕೇಳಿದರು. ಮುಂದಿನ ತಿಂಗಳು ಸಾಲ ಮಾಡಿ ಸ್ಕೂಟರ್ ತಗೊಂಡಳು. ಅವಳದ್ದು ತಪ್ಪು ಅನ್ನೋಕಾಗುತ್ತಾ?

ಹಾಗಾಗಿ ಮೊದಲು ಈ ಮಾತು ಕೊಡಿ: ಗಾಡಿ ತರದೆ ಬಂದವರಿಗೆ ಕಂಪನಿ ಕೆಲಸದಿಂದ ತಡವಾದರೆ, ಮನೆಯಿಂದ ತುರ್ತು ಕರೆ ಬಂದರೆ, ಕ್ಯಾಬ್ ಖರ್ಚು ಕಂಪನಿಯದ್ದು. ಅದಕ್ಕೆ ಮ್ಯಾನೇಜರ್ ಸಹಿ ಬೇಕು ಅನ್ನಬೇಡಿ. ಗೇಟಿನ ಸೆಕ್ಯುರಿಟಿಯವರೇ ಕ್ಯಾಬ್ ಕರೆಯುವ ಹಾಗಿರಲಿ. ದಿನಾ ಯಾರೂ ಕರೆಯೋದಿಲ್ಲ. ಇದೆ ಅನ್ನೋ ಧೈರ್ಯ ಸಾಕು.

ಬಸ್ಸಿನ ವಿಷಯಕ್ಕೆ ಬರೋಣ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಶುರುವಾದ ಮೇಲೆ ಹೆಂಗಸರಿಗೆ ಸಿಟಿ ಬಸ್ಸು ಉಚಿತ. ಅವರಿಗೆ ಪಾಸಿನ ದುಡ್ಡು ಕೊಡುವ ಬದಲು ಸ್ಟಾಪಿನಿಂದ ಗೇಟಿನವರೆಗೆ ಲೈಟ್ ಹಾಕಿಸೋಕೆ ಓಡಾಡಿ. ಯಾವ ಬಡಾವಣೆಯಿಂದ ಎಷ್ಟು ಜನ, ಯಾವ ಶಿಫ್ಟು ಅಂತ ಪಟ್ಟಿ ಮಾಡಿ ಕೆಎಸ್‌ಆರ್‌ಟಿಸಿ ವಿಭಾಗೀಯ ಕಚೇರಿಗೆ ಹೋಗಿ. ಅಕ್ಕಪಕ್ಕದ ಕಂಪನಿಯವರನ್ನೂ ಕರೆದುಕೊಂಡು ಹೋದರೆ ಮಾತಿಗೆ ತೂಕ ಜಾಸ್ತಿ. ಬಸ್ಸಿನ ಟೈಮ್ ಬದಲಾಗದಿದ್ದರೆ ನಿಮ್ಮ ಶಿಫ್ಟನ್ನೇ ಹತ್ತು ನಿಮಿಷ ಆಚೀಚೆ ಮಾಡಿ.

ಆ ಸೈಟನ್ನು ಮಾತ್ರ ದಯವಿಟ್ಟು ಬಾಡಿಗೆಗೆ ಹಿಡಿಯಬೇಡಿ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1992ರಲ್ಲೇ ಒಂದು ಕಾನೂನು ಬಂತು. ಬಾಡಿಗೆ ಜಾಗದಲ್ಲಿ ನೌಕರರಿಗೆ ಪಾರ್ಕಿಂಗ್ ಕೊಡುವ ದೊಡ್ಡ ಕಂಪನಿ, ಆ ಜಾಗ ಬೇಡ ಅಂದವರಿಗೆ ಅಷ್ಟೇ ದುಡ್ಡು ಕೈಗೆ ಕೊಡಬೇಕು. ಹಾಗೆ ಕೊಟ್ಟ 8 ಕಂಪನಿಗಳನ್ನು ನೋಡಿದಾಗ, ಒಬ್ಬರೇ ಕಾರಿನಲ್ಲಿ ಬರುವವರು 17% ಕಡಿಮೆಯಾಗಿದ್ದರು. ಸೈಟಿನ ಬಾಡಿಗೆ ದುಡ್ಡನ್ನು ನೀವೂ ಹಾಗೆ ಹಂಚಿ ನೋಡಿ.

ಸೈಕಲ್ಲಿಗೆ ನಿಮ್ಮಲ್ಲಿ ಎಲ್ಲಿ ಜಾಗ ಇದೆ? ನಾನು ನೋಡಿದ ಕಡೆಯಲ್ಲೆಲ್ಲ ಶೀಟಿನ ನೆರಳು ಕಾರಿಗೆ, ಗುಜರಿ ಸಾಮಾನಿನ ಪಕ್ಕದ ಬಿಸಿಲು ಸೈಕಲ್ಲಿಗೆ. ಮಧ್ಯಾಹ್ನದ ಹೊತ್ತಿಗೆ ಸೀಟು ಮುಟ್ಟೋಕಾಗಲ್ಲ. 2017ರಲ್ಲೇ ಟ್ರಿಣ್ ಟ್ರಿಣ್ ಬಾಡಿಗೆ ಸೈಕಲ್ ತಂದ ಊರು ನಮ್ಮದು. ವಿಜಯನಗರದಿಂದ ಬರುವವರಿಗೆ ದೂರವೇನೂ ಇಲ್ಲ. ಬಾಗಿಲ ಹತ್ತಿರ ನೆರಳು, ಮುಖ ತೊಳೆದು ಶರ್ಟ್ ಬದಲಿಸೋಕೆ ಒಂದು ಕೋಣೆ ಕೊಡಿ.

ಕಾರ್‌ಪೂಲ್‌ಗೆ ಒಂದು ಎಚ್ಚರಿಕೆ. ವೈಟ್ ಬೋರ್ಡ್ ಕಾರಿನಲ್ಲಿ ಬಾಡಿಗೆ ತಗೊಂಡು ಜನರನ್ನು ಕೂರಿಸುವ ಹಾಗಿಲ್ಲ. ವಾರಕ್ಕೊಬ್ಬರ ಕಾರು ಅಂತ ಸರದಿ ಮಾಡಿಕೊಂಡರೆ ದುಡ್ಡಿನ ಮಾತೇ ಬರೋದಿಲ್ಲ. ಪರಿಚಯ ಇಲ್ಲದವರ ಜೊತೆ ಯಾರೂ ಹತ್ತಲ್ಲ, ಅಲ್ವಾ? ಜೆ.ಪಿ. ನಗರದ ಕಡೆಯಿಂದ ಬರುವ ನಾಲ್ಕು ಜನರನ್ನು ಈ ವಾರವೇ ಕ್ಯಾಂಟೀನಿನಲ್ಲಿ ಟೀಗೆ ಕರೆದು ಪರಿಚಯ ಮಾಡಿಸಿ.