ಬೇಸ್‌ಬಾಲ್ ಆಡುವ ಮಗ, ಎಚ್-4 ವೀಸಾ, ಕಾಲೇಜು ಫೀಸು: ಹುಬ್ಬಳ್ಳಿಯ ತಂಗಿಗೆ ಉತ್ತರ

ಅಕ್ಕಾ ಅಂತ ಕರೆದು ಕೇಳಿದ್ದೀರಿ. ಹಾಗಾಗಿ ಸುತ್ತಿ ಬಳಸಿ ಹೇಳುವುದಿಲ್ಲ.

ನೀವು ಬರೆದದ್ದು ಇಷ್ಟು. ಹುಬ್ಬಳ್ಳಿಯಿಂದ ಅಟ್ಲಾಂಟಾ ಪಕ್ಕದ ಕಮ್ಮಿಂಗ್‌ಗೆ ಬಂದು ಎರಡೂವರೆ ವರ್ಷವಾಗಿದೆ. ಊರಲ್ಲಿ ಫಾಸ್ಟ್ ಬೌಲಿಂಗ್ ಮಾಡುತ್ತಿದ್ದ ಮಗ ಇಲ್ಲಿ ಒಂಬತ್ತನೇ ಕ್ಲಾಸಿಗೆ ಸೇರಿ ಬೇಸ್‌ಬಾಲ್ ಹಿಡಿದ. ಈಗ ಹನ್ನೊಂದನೇ ಕ್ಲಾಸು, ಸ್ಕೂಲ್ ಟೀಮಿನ ಪಿಚ್ಚರ್, ಅಂದರೆ ನಮ್ಮ ಬೌಲರ್ ಹಾಗೆ ಚೆಂಡು ಎಸೆಯುವವನು. ಗಂಟೆಗೆ 87 ಮೈಲಿ ವೇಗದಲ್ಲಿ ಎಸೆಯುತ್ತಾನೆ. ನಮ್ಮ ಲೆಕ್ಕದಲ್ಲಿ 140 ಕಿಲೋಮೀಟರ್. ಒಬ್ಬ ಡಿವಿಷನ್ 1 (ಕಾಲೇಜು ಆಟದ ಅತಿ ಮೇಲಿನ ಹಂತ) ಕೋಚ್ ಫೋನ್ ಮಾಡಿ, ನಿಮ್ಮ ಹುಡುಗ ನಮಗೆ ಬೇಕು ಅಂದಿದ್ದಾರೆ. 'ಇನ್ನು ಕಾಲೇಜು ಫ್ರೀ ಅಲ್ವಾ ಅಕ್ಕಾ?' ಅಂತ ನಿಮ್ಮ ಪ್ರಶ್ನೆ. ಕಾಲೇಜೇ ಬೇಡ, ವೃತ್ತಿಪರ ಟೀಮುಗಳು ಸುತ್ತು ಸುತ್ತಾಗಿ ಹೊಸ ಆಟಗಾರರನ್ನು ಆರಿಸುವ ಡ್ರಾಫ್ಟ್‌ಗೆ ನೇರ ಹೋದರೆ ಹೇಗೆ ಅಂತ ನಿಮ್ಮ ಯಜಮಾನರ ಪ್ರಶ್ನೆ.

ಮೊದಲು ಫ್ರೀ ವಿಷಯ. ಇಲ್ಲಮ್ಮಾ, ಬೇಸ್‌ಬಾಲ್‌ನಲ್ಲಿ ಪೂರ್ತಿ ಫ್ರೀ ಸಿಗುವುದು ಬಹಳ ಅಪರೂಪ. ಅಮೆರಿಕನ್ ಫುಟ್‌ಬಾಲ್ ಹುಡುಗರನ್ನು ನೋಡಿ ಎಲ್ಲರೂ ಹಾಗೆ ಅಂದುಕೊಳ್ಳುತ್ತಾರೆ. ಡಿವಿಷನ್ 1 ಬೇಸ್‌ಬಾಲ್‌ನಲ್ಲಿ ಮೊನ್ನೆ ಮೊನ್ನೆಯವರೆಗೆ ಒಂದು ಟೀಮಿಗೆ ಇದ್ದದ್ದು 11.7 ಪೂರ್ತಿ ಸ್ಕಾಲರ್‌ಶಿಪ್‌ನಷ್ಟು ದುಡ್ಡು. ಅದನ್ನೇ 27 ಹುಡುಗರವರೆಗೆ ಹಂಚಬೇಕಿತ್ತು. ಒಬ್ಬನಿಗೆ ಕಾಲು ಭಾಗ, ಇನ್ನೊಬ್ಬನಿಗೆ ಅರ್ಧ. 2025ರ ಜೂನ್‌ನಲ್ಲಿ ಕಾಲೇಜು ಆಟಗಳನ್ನು ನಡೆಸುವ ಎನ್‌ಸಿಎಎ ಸಂಸ್ಥೆ ಮತ್ತು ಆಟಗಾರರ ನಡುವಿನ ಒಂದು ದೊಡ್ಡ ಒಪ್ಪಂದಕ್ಕೆ ಕೋರ್ಟು ಒಪ್ಪಿಗೆ ಕೊಟ್ಟ ಮೇಲೆ ಆ ಮಿತಿ ಹೋಯಿತು. ಒಪ್ಪಂದಕ್ಕೆ ಸೇರಿದ ಕಾಲೇಜುಗಳು ಬೇಕಾದರೆ ಎಲ್ಲ ಆಟಗಾರರಿಗೂ ಪೂರ್ತಿ ಸ್ಕಾಲರ್‌ಶಿಪ್ ಕೊಡಬಹುದು. ಆದರೆ ಟೀಮಿನಲ್ಲಿ 34 ಜನಕ್ಕಿಂತ ಜಾಸ್ತಿ ಇರುವ ಹಾಗಿಲ್ಲ. ಕೊಡಬಹುದು ಅಂದ ಮಾತ್ರಕ್ಕೆ ಕೊಡುತ್ತಾರೆ ಅಂತಲ್ಲ. ಆ ದುಡ್ಡು ಮೊದಲು ಹೋಗುವುದು ಫುಟ್‌ಬಾಲ್‌ಗೆ, ಆಮೇಲೆ ಬ್ಯಾಸ್ಕೆಟ್‌ಬಾಲ್‌ಗೆ.

ಆ 34ರ ಸಂಖ್ಯೆಯೇ ನಿಮ್ಮ ಮಗನಿಗೆ ಜಾಸ್ತಿ ಮುಖ್ಯ. ಈಗ ಕಾಲೇಜು ಆಟಗಾರರು ಟ್ರಾನ್ಸ್‌ಫರ್ ಪೋರ್ಟಲ್‌ಗೆ ಹೆಸರು ಹಾಕಿ ಸುಲಭವಾಗಿ ಬೇರೆ ಕಾಲೇಜಿಗೆ ಹೋಗುತ್ತಾರೆ. ಕೋಚ್ ಕಡೆಯಿಂದ ಯೋಚಿಸಿ. 22 ವರ್ಷದ, ಮೈ ಕಟ್ಟಿ ಬೆಳೆದ, ಮೂರು ವರ್ಷ ಆಡಿ ತೋರಿಸಿದ ಪಿಚ್ಚರ್ ಸಿಗುವಾಗ 18ರ ಹುಡುಗನಿಗಾಗಿ ಕಾಯುವುದೇಕೆ? ಹೈಸ್ಕೂಲ್ ಮಕ್ಕಳಿಗೆ ಜಾಗ ಕಮ್ಮಿಯಾಗಿದೆ. ಫೋನಿನಲ್ಲಿ ಸಿಹಿಯಾಗಿ ಮಾತಾಡಿದ ಕೋಚ್ ಮುಂದಿನ ವರ್ಷ ಬೇರೆ ಕಾಲೇಜಿನಲ್ಲಿರಬಹುದು. ಬಾಯಿಮಾತಿನ ಆಫರ್‌ಗೆ ಇಲ್ಲಿ ಯಾವ ಬೆಲೆಯೂ ಇಲ್ಲ. ಹನ್ನೆರಡನೇ ಕ್ಲಾಸಿನ ನವೆಂಬರ್ ಹೊತ್ತಿಗೆ ಕಾಗದದ ಮೇಲೆ ಮೊತ್ತ ಬರೆದು ಸಹಿ ಆಗಬೇಕು. ಅಲ್ಲಿಯವರೆಗೆ ಊರಿಗೆ ಫೋನ್ ಮಾಡಿ ಸೀಟು ಸಿಕ್ಕಿತು ಅಂತ ಹೇಳಬೇಡಿ.

ಇನ್ನು ನೀವು ಕೇಳದೇ ಇರುವ, ಆದರೆ ಎಲ್ಲಕ್ಕಿಂತ ದೊಡ್ಡ ವಿಷಯ: ನಿಮ್ಮ ಮಗ ಎಚ್-4, ಅಂದರೆ ಎಚ್-1ಬಿ ಕೆಲಸದ ವೀಸಾದವರ ಮನೆಮಂದಿಗೆ ಕೊಡುವ ವೀಸಾದಲ್ಲಿದ್ದಾನೆ. ಅವನ ತೋಳಿನ ವೇಗಕ್ಕಿಂತ ಈ ವೀಸಾ ಜಾಸ್ತಿ ವಿಷಯ ನಿರ್ಧರಿಸುತ್ತದೆ. ಇದನ್ನು ಟೀಮಿನ ಬೇರೆ ತಾಯಂದಿರು ನಿಮಗೆ ಹೇಳುವುದಿಲ್ಲ, ಏಕೆಂದರೆ ಅವರಿಗೆ ಇದರ ಅಗತ್ಯವೇ ಬಿದ್ದಿಲ್ಲ. ಆ ಮನೆಗಳಲ್ಲಿ ಬೇಸ್‌ಬಾಲ್‌ನ ಕಾಲು ಸ್ಕಾಲರ್‌ಶಿಪ್ ಜೊತೆಗೆ ಸರ್ಕಾರದ ಸಹಾಯ, ನಮ್ಮ ಜಾರ್ಜಿಯಾ ರಾಜ್ಯ ಮಾರ್ಕ್ಸ್ ನೋಡಿ ಕೊಡುವ ಹೋಪ್ ಸ್ಕಾಲರ್‌ಶಿಪ್ ಎಲ್ಲ ಸೇರಿಸಿ ಫೀಸು ಇಳಿಸಿಕೊಳ್ಳುತ್ತಾರೆ. ಎಚ್-4 ಮಕ್ಕಳಿಗೆ ಫೆಡರಲ್ ಸಹಾಯವೂ ಇಲ್ಲ, ಹೋಪ್ ಕೂಡ ಇಲ್ಲ. ಉಳಿಯುವುದು ಎರಡೇ ದಾರಿ. ಒಂದು ಆಟಕ್ಕೆ ಕೊಡುವ ದುಡ್ಡು, ಇನ್ನೊಂದು ಮಾರ್ಕ್ಸ್ ನೋಡಿ ಕಾಲೇಜೇ ಕೊಡುವ ಮೆರಿಟ್ ದುಡ್ಡು. ಅದಕ್ಕೇ ಹೇಳುವುದು, ಕೆಮಿಸ್ಟ್ರಿಯಲ್ಲಿ ಒಂದು ಗ್ರೇಡ್ ಏರಿಸುವುದು ಎಸೆತಕ್ಕೆ ಎರಡು ಮೈಲಿ ಸೇರಿಸುವುದಕ್ಕಿಂತ ಲಾಭ.

ಕಾಲೇಜು ಆಟಗಾರರು ಈಗ ಜಾಹೀರಾತು ಮಾಡಿ ದುಡಿಯುತ್ತಾರೆ, ಕಾಲೇಜಿನಿಂದಲೇ ಪಾಲು ಪಡೆಯುತ್ತಾರೆ ಅಂತ ನೀವೂ ಕೇಳಿರಬಹುದು. ನಿಜ. ಆದರೆ ಎಚ್-4 ಹುಡುಗನಿಗೆ ಕೆಲಸ ಮಾಡುವ ಅನುಮತಿ ಇಲ್ಲ. ಯಾರೋ ಬ್ಯಾಟಿಂಗ್ ಗ್ಲೌಸ್ ಅಂಗಡಿಯವರು ಫೋಟೋ ಹಾಕು, ಇನ್ನೂರು ಡಾಲರ್ ಕೊಡುತ್ತೇವೆ ಅಂದರೂ, ವಕೀಲರನ್ನು ಕೇಳದೆ ಒಂದು ಸೆಂಟೂ ಮುಟ್ಟಬೇಡಿ. ಗ್ರೀನ್ ಕಾರ್ಡ್ ಕ್ಯೂನಲ್ಲಿ ಇರುವವರಿಗೆ ಇನ್ನೂರು ಡಾಲರ್ ಬಹಳ ದುಬಾರಿ ಬೀಳಬಹುದು. 21 ತುಂಬಿದಾಗ ಎಚ್-4 ಮುಗಿಯುತ್ತದೆ ಅನ್ನುವುದು ನಿಮಗೆ ಗೊತ್ತಿದೆ. ಅದು ಅವನ ಕಾಲೇಜಿನ ಮಧ್ಯದಲ್ಲೇ ಬರುತ್ತದೆ. ವಿದ್ಯಾರ್ಥಿ ವೀಸಾ ಎಫ್-1ಗೆ ಬದಲಾಯಿಸಬೇಕಾಗುತ್ತದೆ. ಆಗ ಫೀಸು ಯಾವ ದರದಲ್ಲಿ ಹಾಕುತ್ತಾರೆ ಅಂತ ಅಡ್ಮಿಷನ್ ಆಫೀಸನ್ನು ಈಗಲೇ ಕೇಳಿ. ಕೋಚ್‌ಗೆ ಇದೆಲ್ಲ ಗೊತ್ತಿರುವುದಿಲ್ಲ. ಅವರನ್ನು ಕೇಳಿದರೆ ಏನೂ ತೊಂದರೆ ಇಲ್ಲ ಅಂದುಬಿಡುತ್ತಾರೆ.

ಯಜಮಾನರ ಡ್ರಾಫ್ಟ್ ಪ್ರಶ್ನೆಗೆ ಬರೋಣ. ಅವರಿಗೆ ಕುಮಾರ್ ರಾಕರ್ ಕಥೆ ಹೇಳಿ. ತಾಯಿಯ ಕಡೆಯಿಂದ ಭಾರತೀಯ, ನಮ್ಮ ಜಾರ್ಜಿಯಾದಲ್ಲೇ ಹೈಸ್ಕೂಲ್ ಓದಿದ ಪಿಚ್ಚರ್. 2018ರಲ್ಲಿ ಸ್ಕೂಲ್ ಮುಗಿಸಿದಾಗ ಅವನು ದೇಶದ ಒಳ್ಳೊಳ್ಳೆಯ ಪಿಚ್ಚರ್‌ಗಳಲ್ಲಿ ಒಬ್ಬ. ಆದರೂ ಕಾಲೇಜಿಗೆ ಹೋಗುವುದು ಗಟ್ಟಿ ಅಂತ ಎಲ್ಲರಿಗೂ ಗೊತ್ತಿದ್ದರಿಂದ ಕೊಲರಾಡೋ ಟೀಮು 38ನೇ ಸುತ್ತಿನಲ್ಲಿ ಸುಮ್ನೆ ಹೆಸರು ಕೂಗಿತು. ಅವನು ವ್ಯಾಂಡರ್‌ಬಿಲ್ಟ್ ಯೂನಿವರ್ಸಿಟಿ ಸೇರಿದ. ಮೊದಲ ವರ್ಷವೇ, 2019ರಲ್ಲಿ, ಡ್ಯೂಕ್ ಯೂನಿವರ್ಸಿಟಿ ವಿರುದ್ಧ ಒಂದೂ ಹಿಟ್ ಬಿಡದೆ 19 ಸಲ ಬ್ಯಾಟರ್‌ಗಳನ್ನು ಸ್ಟ್ರೈಕ್‌ಔಟ್ (ಎಸೆತದಿಂದಲೇ ಔಟ್) ಮಾಡಿದ. ಅದೇ ವರ್ಷ ಕಾಲೇಜು ವರ್ಲ್ಡ್ ಸೀರೀಸ್ ಗೆದ್ದರು. 2021ರಲ್ಲಿ ಮೆಟ್ಸ್ ಟೀಮು ಅವನನ್ನು 10ನೆಯವನಾಗಿ ಆರಿಸಿತು, ಆದರೆ ಮೆಡಿಕಲ್ ರಿಪೋರ್ಟ್ ನೋಡಿ ಹಿಂದೆ ಸರಿಯಿತು. ಭುಜಕ್ಕೆ ಆಪರೇಷನ್ ಆಯಿತು. 2022ರಲ್ಲಿ ಟೆಕ್ಸಸ್ ರೇಂಜರ್ಸ್ 3ನೆಯವನಾಗಿ ಆರಿಸಿ 52 ಲಕ್ಷ ಡಾಲರ್ ಕೊಟ್ಟಿತು. 2023ರಲ್ಲಿ ಮೊಣಕೈ ಆಪರೇಷನ್. ಕೊನೆಗೆ ದೊಡ್ಡ ಲೀಗಿನಲ್ಲಿ ಮೊದಲ ಆಟ ಆಡಿದ್ದು 2024ರ ಸೆಪ್ಟೆಂಬರ್‌ನಲ್ಲಿ. ಅಷ್ಟು ದೊಡ್ಡ ಪ್ರತಿಭೆಗೆ ಹೈಸ್ಕೂಲ್ ಮುಗಿದು ಆರು ವರ್ಷ ಬೇಕಾಯಿತು. ಅಂದಹಾಗೆ ಈಗ ಆ 38ನೇ ಸುತ್ತೇ ಇಲ್ಲ. 2021ರಿಂದ ಡ್ರಾಫ್ಟ್ ಬರೀ 20 ಸುತ್ತು.

ಹೈಸ್ಕೂಲಿನಿಂದಲೇ ಆರಿಸುವ ಪಿಚ್ಚರ್‌ಗಳು ಸಾಮಾನ್ಯವಾಗಿ 90 ದಾಟಿ ಎಸೆಯುವವರು. ನಿಮ್ಮ ಮಗನ 87 ಅವನ ವಯಸ್ಸಿಗೆ, ಅದೂ ಎರಡು ವರ್ಷದ ಆಟಕ್ಕೆ, ತುಂಬಾ ಚೆನ್ನಾಗಿದೆ. ಡ್ರಾಫ್ಟ್‌ಗೆ ಸಾಲದು, ಅಷ್ಟೇ. ನಾಲ್ಕು ವರ್ಷದ ಕಾಲೇಜು ಸೇರಿದರೆ ಮೂರನೇ ವರ್ಷ ಮುಗಿಯುವವರೆಗೆ ಅಥವಾ 21 ತುಂಬುವವರೆಗೆ ಮತ್ತೆ ಡ್ರಾಫ್ಟ್ ಇಲ್ಲ. ಎರಡು ವರ್ಷದ ಜೂನಿಯರ್ ಕಾಲೇಜಿನಲ್ಲಿ ಆ ಕಟ್ಟು ಇಲ್ಲ. ನಮ್ಮವರು ಜೂನಿಯರ್ ಕಾಲೇಜು ಅಂದರೆ ಮೂಗು ಮುರಿಯುತ್ತಾರೆ. ಮುರಿಯಬೇಡಿ. ತಡವಾಗಿ ಆಟ ಕಲಿತ ಹುಡುಗನಿಗೆ ಬೆಂಚಿನಲ್ಲಿ ಕೂರುವುದಕ್ಕಿಂತ ವಾರ ವಾರ ಎಸೆಯಲು ಸಿಗುವ ಜಾಗ ಒಳ್ಳೆಯದು, ಫೀಸೂ ಕಮ್ಮಿ. ಡಿವಿಷನ್ 3 ಕೂಡ ನೋಡಿ. ಅಲ್ಲಿ ಆಟಕ್ಕೆ ದುಡ್ಡೇ ಇಲ್ಲ, ಆದರೆ ನನ್ನ ಮಗ ಕ್ಯಾಚರ್ ಆಗಿ ಆಡಿದ್ದು ಅಂಥ ಕಾಲೇಜಿನಲ್ಲೇ. ಮಾರ್ಕ್ಸಿಗೆ ಅವರು ಕೊಟ್ಟ ದುಡ್ಡು, ಒಂದು ಡಿವಿಷನ್ 1 ಕಾಲೇಜು ಆಟಕ್ಕೆ ಕೊಡುತ್ತೇವೆ ಅಂದದ್ದಕ್ಕಿಂತ ಜಾಸ್ತಿ ಇತ್ತು.

ಒಂದು ಮಾತು ಓದಿ ನನಗೆ ಗಾಬರಿಯಾಯಿತು. ಶುಕ್ರವಾರ ಸ್ಕೂಲ್ ಮ್ಯಾಚ್, ಶನಿವಾರ ಟ್ರಾವೆಲ್ ಟೀಮ್ (ಊರೂರಿಗೆ ಹೋಗಿ ಆಡುವ ಖಾಸಗಿ ಕ್ಲಬ್ ಟೀಮು), ಭಾನುವಾರ ಅಪ್ಪನ ಜೊತೆ ಕ್ರಿಕೆಟ್ ಲೀಗಿನಲ್ಲಿ ಬೌಲಿಂಗ್ ಅಂತ ಖುಷಿಯಿಂದ ಬರೆದಿದ್ದೀರಿ. ದಯವಿಟ್ಟು ಭಾನುವಾರದ್ದು ನಿಲ್ಲಿಸಿ. ಬೌಲಿಂಗ್‌ನಲ್ಲಿ ಕೈ ನೇರ ಇರುತ್ತದೆ, ಪಿಚಿಂಗ್‌ನಲ್ಲಿ ಮೊಣಕೈ ಮಡಚಿ ಝಾಡಿಸುತ್ತಾರೆ. ಭಾರವೆಲ್ಲ ಮೊಣಕೈ ಒಳಗಿನ ಒಂದು ಸಣ್ಣ ಲಿಗಮೆಂಟ್ ಮೇಲೆ. ಅದು ಹರಿದರೆ ಟಾಮಿ ಜಾನ್ ಆಪರೇಷನ್, ವರ್ಷಕ್ಕೂ ಮೇಲೆ ವಿಶ್ರಾಂತಿ. 17-18 ವಯಸ್ಸಿಗೆ ದಿನಕ್ಕೆ 105 ಎಸೆತ ಮಿತಿ ಅಂತ ದೊಡ್ಡ ಲೀಗು ನಡೆಸುವ ಎಂಎಲ್‌ಬಿಯವರೇ ಮಾರ್ಗಸೂಚಿ ಕೊಟ್ಟಿದ್ದಾರೆ, ಆಮೇಲೆ ನಾಲ್ಕು ದಿನ ಬಿಡುವು. ಸ್ಕೂಲ್ ಕೋಚ್ ತನ್ನ ಎಸೆತ ಎಣಿಸುತ್ತಾರೆ, ಟ್ರಾವೆಲ್ ಕೋಚ್ ತನ್ನದು. ಕೂಡಿಸುವವರು ಯಾರೂ ಇಲ್ಲ. ನೀವೇ ಒಂದು ನೋಟ್‌ಬುಕ್ ಇಡಿ.

ಬರುವ ಕ್ಯಾಂಪ್ ಇಮೇಲ್‌ಗಳಿಗೆಲ್ಲ ದುಡ್ಡು ಕಟ್ಟಬೇಡಿ. 'ಕೋಚ್ ನಿಮ್ಮನ್ನು ವಿಶೇಷವಾಗಿ ಆಹ್ವಾನಿಸಿದ್ದಾರೆ' ಅಂತ ಮದುವೆ ಕರೆಯೋಲೆ ಹಂಚಿದ ಹಾಗೆ ಊರಿಗೆಲ್ಲ ಕಳಿಸಿರುತ್ತಾರೆ. ಮಗನ ಹೆಸರು, ಅವನ ಯಾವುದೋ ಮ್ಯಾಚಿನ ಮಾತು ಇದ್ದರೆ ಮಾತ್ರ ನಿಜ. ನಿಮ್ಮ ಮನೆಯ ಹತ್ತಿರವೇ, ಎಮರ್ಸನ್‌ನ ಲೇಕ್‌ಪಾಯಿಂಟ್ ಮೈದಾನಗಳಲ್ಲಿ ದೊಡ್ಡ ಟೂರ್ನಮೆಂಟ್‌ಗಳು ನಡೆಯುತ್ತವೆ. ಕೋಚ್‌ಗಳು ಅಲ್ಲಿಗೇ ಬರುತ್ತಾರೆ. ಹೋಟೆಲ್ ಖರ್ಚಿಲ್ಲದ ಈ ಅನುಕೂಲ ಬೇರೆ ರಾಜ್ಯದವರಿಗಿಲ್ಲ.

ಓದಿನ ಲೆಕ್ಕವೂ ನೋಡಿ. ಆಡಲು ಅರ್ಹತೆ ಇದೆಯಾ ಅಂತ ನೋಡುವ ಎನ್‌ಸಿಎಎ ಎಲಿಜಿಬಿಲಿಟಿ ಸೆಂಟರ್‌ನಲ್ಲಿ ಹೆಸರು ನೋಂದಾಯಿಸಿ. ಡಿವಿಷನ್ 1ಕ್ಕೆ ಇಂಗ್ಲಿಷ್, ಗಣಿತ, ವಿಜ್ಞಾನದಂಥ 16 ಕೋರ್ ಕೋರ್ಸ್ ಬೇಕು, ಅದರಲ್ಲಿ 10 ಹನ್ನೆರಡನೇ ಕ್ಲಾಸು ಶುರುವಾಗುವ ಮೊದಲೇ ಮುಗಿದಿರಬೇಕು. ಒಂಬತ್ತರಿಂದ ಇಲ್ಲೇ ಓದಿದ್ದರಿಂದ ಹುಬ್ಬಳ್ಳಿಯ ಮಾರ್ಕ್ಸ್ ಕಾರ್ಡ್ ತಂಟೆ ನಿಮಗಿಲ್ಲ. ಸ್ಕೂಲ್ ಕೌನ್ಸೆಲರ್ ಹತ್ತಿರ ಕೂತು ಪಟ್ಟಿ ಟಿಕ್ ಮಾಡಿಸಿಕೊಳ್ಳಿ.

ಮುಂದಿನ ತಿಂಗಳು ಆ ಕಾಲೇಜು ನೋಡಲು ಹೋಗುತ್ತಿದ್ದೀರಲ್ಲ, ಅಲ್ಲಿ ಕೋಚ್‌ಗೆ ಮೂರು ಪ್ರಶ್ನೆ ಕೇಳಿ. ನೀವು ಒಪ್ಪಂದಕ್ಕೆ ಸೇರಿದ 34ರ ಟೀಮಾ? ಕಳೆದ ವರ್ಷ ತಗೊಂಡ ಹೈಸ್ಕೂಲ್ ಪಿಚ್ಚರ್‌ಗಳಲ್ಲಿ ಈಗ ಎಷ್ಟು ಜನ ಇದ್ದಾರೆ? ಕೈಗೆ ಆಪರೇಷನ್ ಆದರೆ ದುಡ್ಡು ಮುಂದುವರಿಯುತ್ತದಾ? ಇಂಥದ್ದನ್ನು ಕೇಳಲು ನಮ್ಮವರಿಗೆ ಸಂಕೋಚ. ಅಮೆರಿಕನ್ ಅಪ್ಪ ಅಮ್ಮ ಕುರ್ಚಿಯಲ್ಲಿ ಕೂತ ತಕ್ಷಣ ಕೇಳುತ್ತಾರೆ, ಕೋಚ್ ಬೇಜಾರು ಮಾಡಿಕೊಳ್ಳುವುದಿಲ್ಲ. ಹೋಗುವ ಮುಂಚೆ ವಕೀಲರ ಅಪಾಯಿಂಟ್‌ಮೆಂಟ್ ಮುಗಿಸಿ. ಊಟದ ಚಿಂತೆ ಬೇಡ, ಟೀಮ್ ಬಸ್ಸು ನಿಲ್ಲುವ ಕಡೆಯೆಲ್ಲ ಅನ್ನ, ಬೀನ್ಸ್ ಹಾಕಿದ ಬೌಲ್ ಸಿಗುತ್ತದೆ. ಕಾಗದದ ಮೇಲೆ ಮೊತ್ತ ಬಂದರೆ ನನಗೆ ಬರೆಯಿರಿ, ಹಾಸ್ಟೆಲ್ ಮತ್ತು ಇನ್ಶೂರೆನ್ಸ್ ಸೇರಿಸಿ ನಾಲ್ಕು ವರ್ಷದ ಲೆಕ್ಕ ಇಬ್ಬರೂ ಕೂತು ಹಾಕೋಣ.