ಹಳೇ ಎಸ್‌ಯುವಿ ಕೊಳ್ಳಲು ಹೊರಟವರ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಮೇಲಿವೆ. ಮನೆಮಂದಿಯೆಲ್ಲ ಓಡಾಡಲು ಸೆಕೆಂಡ್ ಹ್ಯಾಂಡ್ ಎಸ್‌ಯುವಿ ನೋಡುತ್ತಿದ್ದೇವೆ, ಯಾವ ಮಾಡೆಲ್ ನಂಬಬಹುದು ಅಂತ ಕೇಳಿದ್ದೀರಿ. ಏಳೆಂಟು ವರ್ಷ ಓಡಿದ ಗಾಡಿಗೆ ಮಾಡೆಲ್ ಹೆಸರು ಅರ್ಧ ಉತ್ತರ ಮಾತ್ರ. ಆ ಗಾಡಿ ಇಷ್ಟು ದಿನ ಯಾರ ಕೈಯಲ್ಲಿತ್ತು, ನಿಮ್ಮ ಮನೆಗೆ ಬಂದ ಮೇಲೆ ಎಲ್ಲಿ ಓಡುತ್ತದೆ, ಇವೆರಡೂ ಗೊತ್ತಾದರೆ ಉಳಿದರ್ಧ ಉತ್ತರ ಸಿಗುತ್ತದೆ. ಕೆಳಗಿನ ಉತ್ತರಗಳನ್ನು ಅದೇ ಲೆಕ್ಕದಲ್ಲಿ ಬರೆದಿದ್ದೇನೆ.

ಶಿವಮೊಗ್ಗದ ಓದುಗರು: ನಾವು ಮನೆಯಲ್ಲಿ ಆರು ಜನ. ಅಪ್ಪ ಅಮ್ಮನಿಗೆ ವಯಸ್ಸಾಗಿದೆ. ತಿಂಗಳಿಗೊಮ್ಮೆ ಆಗುಂಬೆ ಘಾಟಿ ಇಳಿದು ಉಡುಪಿಗೆ ಹೋಗಬೇಕು. 2017ರ ಮಹೀಂದ್ರಾ ಎಕ್ಸ್‌ಯುವಿ500 ಒಂದು ನೋಡಿದ್ದೇವೆ, ಡೀಸೆಲ್ ಮ್ಯಾನುವಲ್, 92,000 ಕಿ.ಮೀ. ಓಡಿದೆ, ಎರಡನೇ ಓನರ್. ಅದೇ ದುಡ್ಡಿಗೆ 2019ರ ಬ್ರೆಝಾ ಡೀಸೆಲ್ ಕೂಡ ಸಿಗುತ್ತಿದೆ. ಯಾವುದು ವಾಸಿ?

ಆರು ಜನ ಅಂದಮೇಲೆ ಬ್ರೆಝಾ ಬಿಟ್ಟುಬಿಡಿ. ಅದು ಐದು ಸೀಟಿನ ಗಾಡಿ. ಅದರ 1.3 ಲೀಟರ್ ಡೀಸೆಲ್ ಎಂಜಿನ್ ಒಳ್ಳೆಯದೇ, ಮೈಲೇಜೂ ಚೆನ್ನಾಗಿದೆ. ಆದರೆ ಘಾಟಿ ರಸ್ತೆಯಲ್ಲಿ ಮಗುವನ್ನು ತೊಡೆ ಮೇಲೆ ಕೂರಿಸಿಕೊಂಡು ಹೋಗುವುದು ಬೇಡ.

ಎಕ್ಸ್‌ಯುವಿ500 ಬಂದದ್ದು 2011ರಲ್ಲಿ. 2021ರಲ್ಲಿ ಎಕ್ಸ್‌ಯುವಿ700 ಬಂದಾಗ ನಿಂತುಹೋಯಿತು. ಶುರುವಿನ ವರ್ಷಗಳ ಗಾಡಿಗಳಲ್ಲಿ ಎಲೆಕ್ಟ್ರಿಕಲ್ ತಕರಾರು ಜಾಸ್ತಿ ಕೇಳಿಬರುತ್ತಿತ್ತು. 2015ರ ಫೇಸ್‌ಲಿಫ್ಟ್ ಆದಮೇಲಿನವು ವಾಸಿ, ನೀವು ನೋಡಿರುವುದೂ ಅದೇ ಸಾಲಿನದು. 2.2 ಲೀಟರ್ ಎಂಹಾಕ್ ಎಂಜಿನ್‌ಗೆ ಸರಿಯಾದ ಹೊತ್ತಿಗೆ ಆಯಿಲ್ ಬದಲಾಯಿಸಿದ್ದರೆ ಎಂಟು ವರ್ಷಕ್ಕೆ 92,000 ಏನೂ ಹೆಚ್ಚಲ್ಲ. ನಿಜ ಹೇಳಬೇಕೆಂದರೆ, ಅಷ್ಟೇ ಹಳೆಯ ಗಾಡಿ ಬರೀ 35,000 ಓಡಿದೆ ಅಂತ ಯಾರಾದರೂ ಹೇಳಿದರೆ ನನಗೆ ಅನುಮಾನ ಜಾಸ್ತಿ. ಮೀಟರ್ ಹಿಂದಕ್ಕೆ ತಿರುಗಿಸುವುದು ಇವತ್ತಿಗೂ ನಡೆಯುತ್ತಿದೆ. ಬರೀ ಮೀಟರ್ ನೋಡಬೇಡಿ, ಸ್ಟೀರಿಂಗ್, ಕ್ಲಚ್ ಪೆಡಲ್‌ನ ರಬ್ಬರ್, ಡ್ರೈವರ್ ಸೀಟಿನ ಅಂಚು ಎಷ್ಟು ಸವೆದಿದೆ ನೋಡಿ. ಟೈರಿನ ಪಕ್ಕದಲ್ಲಿ ನಾಲ್ಕಂಕಿ ಇರುತ್ತದೆ, ಮೊದಲೆರಡು ವಾರ, ಕೊನೆಯೆರಡು ವರ್ಷ. 35,000 ಓಡಿದ ಗಾಡಿಗೆ ಆಗಲೇ ಎರಡು ಸಲ ಟೈರ್ ಬದಲಾಗಿದ್ದರೆ ಕೇಳಲೇಬೇಕು. ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಕಂಪನಿ ಸರ್ವಿಸ್ ಸೆಂಟರಿನ ದಾಖಲೆ. ಮಾರುವವರನ್ನೇ ಜೊತೆಗೆ ಕರೆದುಕೊಂಡು ಹೋಗಿ ರಿಜಿಸ್ಟ್ರೇಷನ್ ನಂಬರ್ ಕೊಟ್ಟರೆ ಯಾವ ತಾರೀಕು ಎಷ್ಟು ಕಿ.ಮೀ.ಗೆ ಏನು ಕೆಲಸ ಆಗಿದೆ ಅನ್ನುವುದು ತೆಗೆದು ತೋರಿಸುತ್ತಾರೆ. ಬರಲು ಒಪ್ಪದವರ ಗಾಡಿ ಬೇಡ.

ಈಗ ಪರೀಕ್ಷೆ. ನಾವು ಬರುವ ಮುಂಚೆ ಸ್ಟಾರ್ಟ್ ಮಾಡಬೇಡಿ ಅಂತ ಮಾರುವವರಿಗೆ ಫೋನಿನಲ್ಲೇ ಹೇಳಿ. ಹೋದ ತಕ್ಷಣ ಬಾನೆಟ್ ಮುಟ್ಟಿ ನೋಡಿ, ಬಿಸಿ ಇದ್ದರೆ ಇನ್ನೊಂದು ದಿನ ಬನ್ನಿ. ಡೀಸೆಲ್ ಎಂಜಿನ್‌ನ ನಿಜವಾದ ಆರೋಗ್ಯ ಗೊತ್ತಾಗುವುದು ತಣ್ಣಗಿರುವಾಗ ಸ್ಟಾರ್ಟ್ ಮಾಡಿದರೆ ಮಾತ್ರ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಕೂಲಂಟ್ ಒಳಗೆ ಸೋರುತ್ತಿರಬಹುದು, ಇಲ್ಲವೇ ಇಂಜೆಕ್ಟರ್ ಕೆಟ್ಟಿರಬಹುದು. ಐಡಲಿಂಗ್‌ನಲ್ಲಿ ಆಯಿಲ್ ಹಾಕುವ ಮುಚ್ಚಳ ತೆಗೆದರೆ ಸ್ವಲ್ಪ ಗಾಳಿ ಬರುವುದು ಸಹಜ. ಹೊಗೆ ಬುಸುಬುಸು ಎದ್ದರೆ ಒಳಗೆ ಪಿಸ್ಟನ್ ರಿಂಗ್ ಸವೆದಿದೆ ಅಂತ ಅರ್ಥ.

ಈ ಗಾಡಿಯಲ್ಲಿ ದುಡ್ಡು ತಿನ್ನುವ ಒಂದು ಭಾಗ ಕ್ಲಚ್. ಫ್ಲೈವೀಲ್ ಸೇರಿಸಿ ಮಾಡಿಸಿದರೆ ಐದಂಕಿಯ ಬಿಲ್ ಖಂಡಿತ. ತೀರ್ಥಹಳ್ಳಿ ರಸ್ತೆಯಲ್ಲಿ ಒಂದು ಏರು ಹುಡುಕಿ, ಮೂರನೇ ಗೇರಿನಲ್ಲಿ ಜೋರಾಗಿ ಆಕ್ಸಿಲರೇಟರ್ ಒತ್ತಿ. ಎಂಜಿನ್ ಸದ್ದು ಏರಿ ಗಾಡಿಯ ವೇಗ ಏರದಿದ್ದರೆ ಕ್ಲಚ್ ಮುಗಿದಿದೆ. ನ್ಯೂಟ್ರಲ್‌ನಲ್ಲಿ ನಿಂತಾಗ ಗಡಗಡ ಸದ್ದಿದ್ದು ಕ್ಲಚ್ ಒತ್ತಿದ ಕೂಡಲೇ ನಿಂತರೆ ಮೆಕ್ಯಾನಿಕ್‌ಗೆ ತಪ್ಪದೇ ಹೇಳಿ. ಆಮೇಲೆ ಎಸಿ ಪೂರ್ತಿ ಹಾಕಿಕೊಂಡು ಅರ್ಧ ಗಂಟೆ ಓಡಿಸಿ, ಟೆಂಪರೇಚರ್ ಮುಳ್ಳು ನಡುವೆಯೇ ನಿಲ್ಲಬೇಕು. ಹಾಳಾದ ರಸ್ತೆಯಲ್ಲಿ ಮ್ಯೂಸಿಕ್ ಆಫ್ ಮಾಡಿ ನಿಧಾನಕ್ಕೆ ಹೋಗಿ. ಮುಂದಿನ ಸಸ್ಪೆನ್ಷನ್‌ನಿಂದ ಟಕ್ ಟಕ್ ಸದ್ದು ಬಂದರೆ ಬುಶ್, ಲಿಂಕ್ ರಾಡ್ ಬದಲಾಯಿಸಬೇಕು. ಅದು ದೊಡ್ಡ ಖರ್ಚಲ್ಲ, ಬೆಲೆ ಇಳಿಸಲು ಕಾರಣ ಅಷ್ಟೇ.

ಇನ್ನೊಂದು ಮಾತು. ಮೂರನೇ ಸಾಲಿನ ಸೀಟಿನಲ್ಲಿ ದೊಡ್ಡವರಿಗೆ ಮೊಣಕಾಲಿಗೆ ಜಾಗ ಕಮ್ಮಿ, ಆ ಸೀಟು ಎತ್ತಿದರೆ ಲಗೇಜಿಗೂ ಜಾಗ ಉಳಿಯುವುದಿಲ್ಲ. ಅಲ್ಲಿ ಮಕ್ಕಳು ಕೂರುತ್ತಾರಾದರೆ ಸರಿ. ಅಪ್ಪ ಅಮ್ಮ ನಡುವಿನ ಸಾಲಿಗೆ ಹತ್ತಿ ಇಳಿಯಲು ಆಗುತ್ತದಾ ಅಂತ ಅವರನ್ನೇ ಕರೆದುಕೊಂಡು ಹೋಗಿ ನೋಡಿ. ಆಗದಿದ್ದರೆ ಇನ್ನೂ ಸ್ವಲ್ಪ ದುಡ್ಡು ಸೇರಿಸಿ ಇನೋವಾ ಹುಡುಕುವುದು ಒಳ್ಳೆಯದು. ಅದು ಎಸ್‌ಯುವಿ ಅಲ್ಲ, ಆದರೆ ನಿಮ್ಮ ಮನೆಗೆ ಅದೇ ಹೊಂದಬಹುದು. ಇನೋವಾ ನೋಡುವಾಗ ಮೊದಲು ಟ್ಯಾಕ್ಸಿಯಾಗಿತ್ತಾ, ಹಳದಿ ಬೋರ್ಡ್ ತೆಗೆದು ಬಿಳಿ ಬೋರ್ಡ್ ಮಾಡಿಸಿದ್ದಾ ಅನ್ನುವುದನ್ನು ಆರ್‌ಟಿಒ ದಾಖಲೆಯಲ್ಲಿ ಖಚಿತ ಮಾಡಿಕೊಳ್ಳಿ.

ಯಾವುದೇ ಗಾಡಿ ತಗೊಂಡರೂ ಬಜೆಟ್ಟಿನ ಹತ್ತರಲ್ಲೊಂದು ಭಾಗ ಕೈಯಲ್ಲಿ ಉಳಿಸಿಕೊಳ್ಳಿ. ಮೊದಲ ವರ್ಷ ಟೈರ್, ಬ್ಯಾಟರಿ, ಬ್ರೇಕ್, ಎಲ್ಲ ಆಯಿಲ್‌ಗಳು ಅಂತ ಖರ್ಚು ಬಂದೇ ಬರುತ್ತದೆ. ಇದ್ದ ದುಡ್ಡನ್ನೆಲ್ಲ ಗಾಡಿಗೇ ಕೊಟ್ಟವರು ಆಮೇಲೆ ರಿಪೇರಿ ಮುಂದೂಡುತ್ತಾರೆ. ಹಾಗೆ ಮುಂದೂಡಿದ ಬ್ರೇಕ್ ಹಾಕಿಕೊಂಡು ಆಗುಂಬೆ ತಿರುವು ಇಳಿಯಬೇಕಾಗುತ್ತದೆ.

ಬೆಂಗಳೂರು ಮಾರತ್ತಹಳ್ಳಿಯ ಓದುಗರು: ಆಫೀಸು ಏಳು ಕಿ.ಮೀ. ದೂರ. ಊರಿಗೆ ಹೋಗುವುದು ವರ್ಷಕ್ಕೆ ಮೂರ್ನಾಲ್ಕು ಸಲ. 2021ರ ಕ್ರೆಟಾ ಡೀಸೆಲ್ ಆಟೋಮ್ಯಾಟಿಕ್ ಒಳ್ಳೆ ಬೆಲೆಗೆ ಬಂದಿದೆ. ಬರೀ ಸಿಟಿಯಲ್ಲಿ ಓಡಿದ ಗಾಡಿ, ಆದ್ದರಿಂದ ಸವೆದಿಲ್ಲ ಅಂತ ಮಾರುವವರು ಹೇಳುತ್ತಾರೆ.

ಬೇಡ. ಗಾಡಿ ಕೆಟ್ಟದ್ದು ಅಂತಲ್ಲ, ನಿಮ್ಮ ಓಡಾಟಕ್ಕೆ ಡೀಸೆಲ್ ಹೊಂದುವುದಿಲ್ಲ. ಬರೀ ಸಿಟಿಯಲ್ಲಿ ಓಡಿದೆ ಅನ್ನುವುದು ಈ ಕಾಲದ ಡೀಸೆಲ್ ಗಾಡಿಗೆ ಹೊಗಳಿಕೆಯೇ ಅಲ್ಲ.

ಕಾರಣ ಹೇಳುತ್ತೇನೆ. 2020ರ ಏಪ್ರಿಲ್ 1ರಿಂದ ಬಿಎಸ್6 ಅನ್ನುವ, ಗಾಡಿಯ ಹೊಗೆಗೆ ಮಿತಿ ಹಾಕುವ ನಿಯಮ ಬಂತು. ಅಲ್ಲಿಂದೀಚೆಗಿನ ಡೀಸೆಲ್ ಕಾರುಗಳ ಸೈಲೆನ್ಸರ್ ಸಾಲಿನಲ್ಲಿ ಡಿಪಿಎಫ್ ಅನ್ನುವ ಫಿಲ್ಟರ್ ಇರುತ್ತದೆ. ಬಚ್ಚಲ ಒಲೆಯ ಕೊಳವೆಯಲ್ಲಿ ಮಸಿ ಕಟ್ಟುವ ಹಾಗೆ ಇದರಲ್ಲಿ ಹೊಗೆಯ ಮಸಿ ಸೇರುತ್ತಾ ಹೋಗುತ್ತದೆ. ಸೈಲೆನ್ಸರ್ ಚೆನ್ನಾಗಿ ಬಿಸಿಯಾದಾಗ ಗಾಡಿ ತಾನೇ ಆ ಮಸಿಯನ್ನು ಸುಟ್ಟುಕೊಳ್ಳುತ್ತದೆ. ಅದಕ್ಕೆ ಹೈವೇಯಲ್ಲಿ ಹದಿನೈದಿಪ್ಪತ್ತು ನಿಮಿಷ ಒಂದೇ ಸಮ ಓಡಬೇಕು. ಸಿಲ್ಕ್ ಬೋರ್ಡ್‌ನಲ್ಲಿ, ರಿಂಗ್ ರೋಡಿನಲ್ಲಿ ನಿಂತು ನಿಂತು ಹೋಗುವ ಗಾಡಿಗೆ ಅಷ್ಟು ಬಿಸಿ ಬರುವುದೇ ಇಲ್ಲ. ಸುಡಲು ಶುರು ಮಾಡುತ್ತದೆ, ಅಷ್ಟರಲ್ಲಿ ಆಫೀಸು ಬಂತು, ಎಂಜಿನ್ ಆಫ್. ಮಸಿ ಸುಡಲೆಂದು ಹೆಚ್ಚಾಗಿ ಚಿಮ್ಮಿಸಿದ ಡೀಸೆಲ್ ಸ್ವಲ್ಪ ಸ್ವಲ್ಪ ಇಳಿದು ಎಂಜಿನ್ ಆಯಿಲ್‌ಗೆ ಸೇರುತ್ತದೆ. ಆಯಿಲ್ ತೆಳ್ಳಗಾಗುತ್ತದೆ, ಟರ್ಬೊ, ಬೇರಿಂಗ್ ಸವೆಯುತ್ತವೆ. ಅದಕ್ಕೇ ಬಿಎಸ್6 ಡೀಸೆಲ್ ನೋಡಲು ಹೋದಾಗ ಡಿಪ್‌ಸ್ಟಿಕ್ ಎಳೆದು ನೋಡಿ. ಮಟ್ಟ ಮ್ಯಾಕ್ಸ್ ಗೆರೆಗಿಂತ ಮೇಲಿದ್ದು ಡೀಸೆಲ್ ವಾಸನೆ ಬಂದರೆ ಬಿಟ್ಟು ಬನ್ನಿ. ಫಿಲ್ಟರನ್ನು ಕಿತ್ತು ಒಳಗೆ ಖಾಲಿ ಮಾಡಿಕೊಡುತ್ತೇವೆ ಅನ್ನುವ ಗ್ಯಾರೇಜುಗಳ ಮಾತು ಕೇಳಬೇಡಿ. ಅದು ಕಾನೂನಿಗೆ ವಿರುದ್ಧ, ಆ ಹೊಗೆ ಕುಡಿಯುವುದು ನಿಮ್ಮ ಬೀದಿಯ ಮಕ್ಕಳೇ.

ಅದೇ ವರ್ಷದ ಕ್ರೆಟಾ 1.5 ಪೆಟ್ರೋಲ್ ಹುಡುಕಿ. ಮ್ಯಾನುವಲ್ ಆದರೂ ಸರಿ, ಐವಿಟಿ ಆಟೋಮ್ಯಾಟಿಕ್ ಆದರೂ ಸರಿ. 1.4 ಟರ್ಬೊ ಓಡಿಸಲು ಬಹಳ ಚೆಂದ. ಆದರೆ ಅದರ ಆಟೋಮ್ಯಾಟಿಕ್ ಡಿಸಿಟಿ, ಅಂದರೆ ಎರಡು ಕ್ಲಚ್‌ನ ಗೇರ್‌ಬಾಕ್ಸ್, ಒಳಗಿರುವುದು ಆಯಿಲ್‌ನಲ್ಲಿ ಮುಳುಗಿರದ ಡ್ರೈ ಕ್ಲಚ್. ಇಂಚಿಂಚು ತೆವಳುವ ಟ್ರಾಫಿಕ್‌ನಲ್ಲಿ ಅದು ಬಿಸಿಯಾಗುತ್ತದೆ, ಸವೆಯುತ್ತದೆ. ವಾರಂಟಿ ಮುಗಿದ ಡಿಸಿಟಿ ಗಾಡಿಯನ್ನು ನಿಮ್ಮ ರಸ್ತೆಗೆ ನಾನು ಹೇಳುವುದಿಲ್ಲ.

ಹುಬ್ಬಳ್ಳಿಯ ಓದುಗರು: ದೆಹಲಿ ನೋಂದಣಿಯ 2016ರ ಫಾರ್ಚುನರ್ ಡೀಸೆಲ್ ಇಲ್ಲಿಗಿಂತ ಲಕ್ಷಗಟ್ಟಲೆ ಕಮ್ಮಿಗೆ ಸಿಗುತ್ತಿದೆ. ಏನಾದರೂ ಮೋಸ ಇದೆಯಾ?

ಬೆಲೆ ಕಮ್ಮಿ ಇರುವುದಕ್ಕೆ ಕಾರಣ ಮೋಸವೇ ಆಗಬೇಕಿಲ್ಲ. ದೆಹಲಿ ಸುತ್ತಮುತ್ತ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ಓಡಿಸಬಾರದು ಅಂತ 2015ರಲ್ಲಿ ಹಸಿರು ನ್ಯಾಯಮಂಡಳಿ ಹೇಳಿತು, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿ ಹಿಡಿಯಿತು. 2025ರಲ್ಲಿ ಕೋರ್ಟ್ ಸ್ವಲ್ಪ ಸಡಿಲಿಕೆ ಕೊಟ್ಟಿದೆ. ಆದರೂ ಅಲ್ಲಿಯವರಿಗೆ ಗಾಡಿ ಇಟ್ಟುಕೊಳ್ಳುವ ಧೈರ್ಯ ಇಲ್ಲ, ಹತ್ತು ವರ್ಷ ಆಗುವ ಮುಂಚೆ ದಕ್ಷಿಣಕ್ಕೆ ಮಾರುತ್ತಾರೆ.

ಲೆಕ್ಕ ತಪ್ಪುವುದು ಇಲ್ಲಿಗೆ ಬಂದಮೇಲೆ. ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತರಬೇಕು, ಅದು ಫಾರ್ಮ್ 28. ಇಲ್ಲಿ ಮತ್ತೆ ನೋಂದಣಿ ಆಗಬೇಕು, ಲೈಫ್‌ಟೈಮ್ ಟ್ಯಾಕ್ಸ್ ಕಟ್ಟಬೇಕು. ದೇಶದಲ್ಲಿ ಈ ಟ್ಯಾಕ್ಸ್ ಜಾಸ್ತಿ ಇರುವ ರಾಜ್ಯಗಳಲ್ಲಿ ನಮ್ಮದೂ ಒಂದು, ಅದರಲ್ಲೂ ಫಾರ್ಚುನರ್‌ನಂಥ ದುಬಾರಿ ಗಾಡಿಗೆ ಮೊತ್ತ ದೊಡ್ಡದೇ ಆಗುತ್ತದೆ. ಅಡ್ವಾನ್ಸ್ ಕೊಡುವ ಮುಂಚೆ ನಿಮ್ಮ ಆರ್‌ಟಿಒ ಕಚೇರಿಗೆ ಹೋಗಿ ಆ ಮಾಡೆಲ್, ಆ ವರ್ಷಕ್ಕೆ ಟ್ಯಾಕ್ಸ್ ಎಷ್ಟು ಅಂತ ಕೇಳಿ ಬರೆದುಕೊಳ್ಳಿ. ಅದನ್ನು ಸೇರಿಸಿ, ಸಾಗಿಸುವ ಖರ್ಚು ಸೇರಿಸಿ, ಅಲ್ಲಿಗೆ ಹೋಗಿ ಮೆಕ್ಯಾನಿಕ್ ಕೈಲಿ ನೋಡಿಸುವ ಖರ್ಚೂ ಸೇರಿಸಿ. ಆಮೇಲೂ ಒಳ್ಳೆ ಮೊತ್ತ ಉಳಿಯುತ್ತಿದ್ದರೆ ಮುಂದುವರಿಯಿರಿ. ಫೋಟೊ ನೋಡಿ ದುಡ್ಡು ಕಳಿಸುವುದು ಮಾತ್ರ ಬೇಡವೇ ಬೇಡ.

ಮಂಗಳೂರಿನ ಓದುಗರು: ನೀರಲ್ಲಿ ಮುಳುಗಿದ ಗಾಡಿಯನ್ನು ಹೇಗೆ ಗುರುತಿಸುವುದು?

ಒಳ್ಳೆ ಪ್ರಶ್ನೆ. 2015ರ ಡಿಸೆಂಬರ್‌ನಲ್ಲಿ ಚೆನ್ನೈ, 2018ರಲ್ಲಿ ಕೇರಳ, 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಬೆಳ್ಳಂದೂರು ಕಡೆ ನೀರು ನುಗ್ಗಿದ್ದು ನೆನಪಿದೆಯಲ್ವಾ? ಅಂಥ ಗಾಡಿಗಳು ತೊಳೆದು ಪಾಲಿಶ್ ಆಗಿ ಬೇರೆ ಊರಿನಲ್ಲಿ ಮಾರಾಟಕ್ಕೆ ಬರುತ್ತವೆ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ, ಒಳಗಿನ ಭಾಗದಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ, ಅದನ್ನು ತೊಳೆಯಲು ಯಾರಿಗೂ ನೆನಪಾಗುವುದಿಲ್ಲ. ಸೀಟಿನ ಕೆಳಗಿನ ಕಂಬಿ, ಬೋಲ್ಟುಗಳಲ್ಲಿ ತುಕ್ಕು ಇದೆಯಾ, ಕಾರ್ಪೆಟ್ ಕೆಳಗೆ ಕೈ ಹಾಕಿದರೆ ತೇವ ಇದೆಯಾ, ಸ್ಟೆಪ್ನಿ ಇಡುವ ಗುಂಡಿಯಲ್ಲಿ ಮಣ್ಣಿದೆಯಾ ನೋಡಿ. ಘಮಘಮ ಪರ್ಫ್ಯೂಮ್ ಹಾಕಿಟ್ಟಿದ್ದರೆ ಕಿಟಕಿ ಮುಚ್ಚಿ ಎಸಿ ಹಾಕಿ ಹತ್ತು ನಿಮಿಷ ಕೂರಿ, ಮುಗ್ಗಲು ವಾಸನೆ ಬರುತ್ತದೆ. ಇನ್ಶೂರೆನ್ಸ್ ಕಂಪನಿಯಿಂದ ಕ್ಲೇಮ್ ಇತಿಹಾಸ ತರಿಸಲು ಮಾರುವವರಿಗೇ ಹೇಳಿ.

ನಿಮ್ಮ ಊರಿನದೇ ಗಾಡಿ ಆದರೆ ಇನ್ನೊಂದು ಕೆಲಸ, ಲಿಫ್ಟ್ ಮೇಲೆ ಎತ್ತಿಸಿ ಅಡಿ ನೋಡಿ. ಕಡಲ ಗಾಳಿಯ ಉಪ್ಪಿಗೆ ಚಾಸಿ, ಬ್ರೇಕ್ ಪೈಪು ತುಕ್ಕು ಹಿಡಿದಿರುತ್ತವೆ. ಹೊಸದಾಗಿ ದಪ್ಪಗೆ ಕಪ್ಪು ಕೋಟಿಂಗ್ ಹೊಡೆಸಿದ್ದರೆ ಒಳಗೆ ತುಕ್ಕು ಮುಚ್ಚಿಟ್ಟಿದ್ದಾರಾ ಅಂತ ಸ್ಕ್ರೂಡ್ರೈವರ್‌ನಿಂದ ಮೆಲ್ಲಗೆ ತಟ್ಟಿ ನೋಡಿ.

ಮೈಸೂರಿನ ಓದುಗರು: ಫೋರ್ಡ್ ಇಕೋಸ್ಪೋರ್ಟ್ ಕಮ್ಮಿಗೆ ಸಿಗುತ್ತಿದೆ. ಕಂಪನಿಯೇ ಇಲ್ಲವಲ್ಲ, ತಗೋಬಹುದಾ?

ಫೋರ್ಡ್ ಇಲ್ಲಿ ಕಾರು ತಯಾರಿಸುವುದನ್ನು ನಿಲ್ಲಿಸುತ್ತೇವೆ ಅಂತ ಹೇಳಿದ್ದು 2021ರ ಸೆಪ್ಟೆಂಬರ್‌ನಲ್ಲಿ. ಸರ್ವಿಸ್, ಬಿಡಿಭಾಗ ನಿಂತಿಲ್ಲ, ಆದರೆ ಸರ್ವಿಸ್ ಸೆಂಟರ್‌ಗಳು ಕಮ್ಮಿಯಾಗಿವೆ. ಮೈಸೂರಿನಲ್ಲಿ ಈ ಗಾಡಿ ಚೆನ್ನಾಗಿ ಬಲ್ಲ ಮೆಕ್ಯಾನಿಕ್ ಇದ್ದರೆ 1.5 ಡೀಸೆಲ್ ನೋಡಬಹುದು. 1.0 ಲೀಟರ್ ಇಕೋಬೂಸ್ಟ್ ಪೆಟ್ರೋಲ್‌ನಿಂದ ದೂರ ಇರಿ. ಅದರ ಟೈಮಿಂಗ್ ಬೆಲ್ಟ್ ಎಂಜಿನ್ ಆಯಿಲ್‌ನಲ್ಲೇ ಓಡುತ್ತದೆ. ತಪ್ಪು ಆಯಿಲ್ ಹಾಕಿದ್ದರೆ, ತಡವಾಗಿ ಬದಲಾಯಿಸಿದ್ದರೆ ಬೆಲ್ಟ್ ಪುಡಿಯಾಗಿ ಆಯಿಲ್ ದಾರಿ ಕಟ್ಟಿಕೊಳ್ಳುತ್ತದೆ, ಆಮೇಲೆ ಎಂಜಿನ್ನೇ ಹೋಗುತ್ತದೆ. ಇದೊಂದೇ ಮನೆಯ ಗಾಡಿ, ರಾತ್ರಿ ಆಸ್ಪತ್ರೆಗೂ ಅದರಲ್ಲೇ ಹೋಗಬೇಕು ಅನ್ನುವವರಿಗೆ ಬಿಡಿಭಾಗಕ್ಕೆ ಕಾಯುವ ಗಾಡಿ ನಾನು ಹೇಳುವುದಿಲ್ಲ.

ದಾವಣಗೆರೆಯ ಓದುಗರು: 2014ರ ಪೆಟ್ರೋಲ್ ಎಸ್‌ಯುವಿ. ಇ20 ಪೆಟ್ರೋಲ್‌ನಿಂದ ತೊಂದರೆ ಆಗುತ್ತದಾ?

ಶೇ. 20 ಎಥನಾಲ್‌ಗೆ ತಕ್ಕ ಹಾಗೆ ಗಾಡಿಗಳು ಬರಲು ಶುರುವಾದದ್ದು 2023ರ ಏಪ್ರಿಲ್ ಸುಮಾರಿಗೆ. ಹಳೆಯದರಲ್ಲಿ ಮೈಲೇಜ್ ಸ್ವಲ್ಪ ಇಳಿಯುತ್ತದೆ, ಪೆಟ್ರೋಲ್ ಹರಿಯುವ ರಬ್ಬರ್ ಪೈಪು, ಸೀಲುಗಳು ಬೇಗ ಹಾಳಾಗಬಹುದು. ಸರ್ವಿಸ್‌ಗೆ ಬಿಟ್ಟಾಗಲೆಲ್ಲ ಅವನ್ನು ನೋಡಿಸಿ. ಪೆಟ್ರೋಲ್ ವಾಸನೆ ಬಂದರೆ ಆ ದಿನವೇ ಗ್ಯಾರೇಜಿಗೆ ಹೋಗಿ. ಗಾಡಿಯನ್ನು ಟ್ಯಾಂಕ್ ತುಂಬಿಸಿ ತಿಂಗಳುಗಟ್ಟಲೆ ನಿಲ್ಲಿಸಬೇಡಿ.

ಧಾರವಾಡದ ಓದುಗರು: ಗಾಡಿ ಒಪ್ಪಿದ್ದೇವೆ. ಕಾಗದಪತ್ರದಲ್ಲಿ ಏನು ನೋಡಬೇಕು?

ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿದ್ದರೆ ಸಾಲ ತೀರಿದ ಎನ್‌ಒಸಿ ಮತ್ತು ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸುವ ಫಾರ್ಮ್ 35 ಕೈಗೆ ಬರುವವರೆಗೆ ಪೂರ್ತಿ ದುಡ್ಡು ಕೊಡಬೇಡಿ. ಚಾಸಿ ನಂಬರ್, ಎಂಜಿನ್ ನಂಬರನ್ನು ಗಾಡಿಯ ಮೇಲೇ ಓದಿ ಆರ್‌ಸಿಗೆ ಹೋಲಿಸಿ. ಬಾಕಿ ಫೈನ್ ಎಷ್ಟಿದೆ ಆನ್‌ಲೈನ್‌ನಲ್ಲಿ ನೋಡಿ, ಮಾರುವವರಿಂದಲೇ ಕಟ್ಟಿಸಿ. ಹೆಸರು ಬದಲಾವಣೆಗೆ ಫಾರ್ಮ್ 29 ಮತ್ತು 30ಕ್ಕೆ ಎದುರಿಗೇ ಸಹಿ ಆಗಲಿ. ಇನ್ಶೂರೆನ್ಸನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿ, ತಡವಾದರೆ ನಿಮ್ಮ ಗಾಡಿಗೆ ಆದ ಹಾನಿಯ ಕ್ಲೇಮ್ ಸಿಗದೇ ಹೋಗಬಹುದು. ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಅಂದರೆ ನೋ ಕ್ಲೇಮ್ ಬೋನಸ್, ಹಳೆಯ ಓನರ್‌ಗೆ ಸೇರಿದ್ದು, ಗಾಡಿಯ ಜೊತೆ ಬರುವುದಿಲ್ಲ. ಆ ವ್ಯತ್ಯಾಸದ ದುಡ್ಡು ನೀವು ಕಟ್ಟಬೇಕಾಗುತ್ತದೆ, ಬೆಲೆ ಮಾತಾಡುವಾಗ ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಎರಡನೇ ಕೀ ಕೇಳಿ ಇಸಿದುಕೊಳ್ಳಿ.